ಗಾಲಿಕುರ್ಚಿ ದಾಟುವ ಬಾಗಿಲು

ಬಾಗಿಲಿನ ಅಗಲ ಎಂದಾಗ ಬಡಗಿಯ ಮನಸ್ಸಿನಲ್ಲಿರುವುದು ಒಂದು ಅಳತೆ. ಗಾಲಿಕುರ್ಚಿಯಲ್ಲಿ ಕುಳಿತು ಆ ಬಾಗಿಲು ದಾಟಬೇಕಾದವರಿಗೆ ಬೇಕಾದದ್ದು ಇನ್ನೊಂದು. ಕರ್ನಾಟಕದಲ್ಲಿ ಮನೆ ಕಟ್ಟಿಸುವವರು ಬಾಗಿಲನ್ನು ಇಂದಿಗೂ ಅಡಿಲೆಕ್ಕದಲ್ಲೇ ಹೇಳುತ್ತಾರೆ: ತಲೆಬಾಗಿಲಿಗೆ ಮೂರೂವರೆ ಅಡಿ, ಕೋಣೆಗೆ ಮೂರಡಿ, ಬಚ್ಚಲಿಗೆ ಎರಡೂವರೆ ಅಡಿ. ಇದು ಸಾಮಾನ್ಯವಾಗಿ ಚೌಕಟ್ಟಿನ ಹೊರ ಅಂಚಿನಿಂದ ಹೊರ ಅಂಚಿಗೆ ಹಿಡಿದ ಅಳತೆ. ಮೂರಡಿ ಎಂದರೆ 914 ಮಿ.ಮೀ. ಚೌಕಟ್ಟಿನ ಮರ ಎರಡೂವರೆ ಇಂಚಿನದಾದರೆ ಎರಡು ಬದಿ ಸೇರಿ 127 ಮಿ.ಮೀ. ಅಲ್ಲೇ ಕಳೆಯಿತು. ಉಳಿದದ್ದು 787. ಕದವನ್ನು ಪೂರ್ತಿ ತೆರೆದು ಲಂಬವಾಗಿ ನಿಲ್ಲಿಸಿದಾಗ ಅದರ 35 ಮಿ.ಮೀ. ದಪ್ಪದಲ್ಲಿ ಸ್ವಲ್ಪ ಭಾಗ ಚೌಕಟ್ಟಿನ ತೋಡಿನೊಳಗೆ ಅಡಗುತ್ತದೆ, ಮಿಕ್ಕದ್ದು ದಾರಿಗೆ ಚಾಚಿಕೊಳ್ಳುತ್ತದೆ. ಹೀಗೆ ಮೂರಡಿ ಬಾಗಿಲಿನಲ್ಲಿ ನಿಜವಾಗಿ ಸಿಗುವ ದಾರಿ ಸುಮಾರು 765 ಮಿ.ಮೀ. ಅದೇ ಲೆಕ್ಕದಲ್ಲಿ ಎರಡೂವರೆ ಅಡಿಯ ಬಚ್ಚಲು ಬಾಗಿಲಿನಲ್ಲಿ ಸಿಗುವುದು 613 ಮಿ.ಮೀ. ಮಾತ್ರ.

ವಯಸ್ಕರ ಸಾಮಾನ್ಯ ಗಾಲಿಕುರ್ಚಿಯ ಅಗಲ 650 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಅಂದರೆ ಎಷ್ಟೋ ಮನೆಗಳಲ್ಲಿ ಅದು ಬಚ್ಚಲಿನ ಬಾಗಿಲಿನ ಹೊರಗೇ ನಿಲ್ಲುತ್ತದೆ. ಮನೆಯಲ್ಲಿ ಯಾರಿಗಾದರೂ ಪಾರ್ಶ್ವವಾಯು ಬಡಿದಾಗಲೋ ಸೊಂಟದ ಮೂಳೆ ಮುರಿದಾಗಲೋ ಇದು ಮೊದಲ ಸಲ ಗೊತ್ತಾಗುತ್ತದೆ. ಆಸ್ಪತ್ರೆಯಿಂದ ಬಂದ ದಿನವೇ ಸ್ನಾನ, ಶೌಚಕ್ಕೆ ಇಬ್ಬರು ಎತ್ತಿಕೊಂಡು ಹೋಗಬೇಕಾಗುತ್ತದೆ.

ಕುರ್ಚಿಯ ಅಗಲದಷ್ಟೇ ದಾರಿ ಇದ್ದರೂ ಸಾಲದು. ತಾವೇ ಚಕ್ರ ತಿರುಗಿಸಿಕೊಂಡು ಹೋಗುವವರ ಕೈಗಳು ಚಕ್ರದ ಹೊರಬದಿಯ ಬಳೆಯ ಮೇಲಿರುತ್ತವೆ. ಮೊಣಕೈ ಅದಕ್ಕಿಂತ ಆಚೆಗೆ ಚಾಚಿರುತ್ತದೆ. ಬಿಗಿಯಾದ ಬಾಗಿಲಿನಲ್ಲಿ ಬೆರಳಿನ ಗೆಣ್ಣುಗಳು ಚೌಕಟ್ಟಿಗೆ ಉಜ್ಜಿ ಚರ್ಮ ಕಿತ್ತುಬರುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಕೈಯಲ್ಲೂ ಸ್ಪರ್ಶ ಮಂದವಾಗಿರುವವರಿಗೆ ಗಾಯವಾದದ್ದು ರಕ್ತ ಕಂಡಮೇಲೆಯೇ ತಿಳಿಯಬಹುದು. ಈ ಕಾರಣಕ್ಕೆ ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ 2021ರ ಸಾರ್ವತ್ರಿಕ ಸುಗಮ್ಯತೆಯ ಮಾರ್ಗಸೂಚಿ ಬಾಗಿಲಿಗೆ ಕನಿಷ್ಠ 900 ಮಿ.ಮೀ. ನಿವ್ವಳ ಅಗಲ ಕೇಳುತ್ತದೆ. ಅಮೆರಿಕದ ಮಾನದಂಡ 815 ಮಿ.ಮೀ.ಗೆ ಒಪ್ಪುತ್ತದೆ. ನಿವ್ವಳ ಎಂದರೆ ತೆರೆದ ಕದದ ಮುಖದಿಂದ ಎದುರಿನ ಚೌಕಟ್ಟಿನವರೆಗೆ ಟೇಪು ಹಿಡಿದಾಗ ಸಿಗುವ ಅಳತೆ. ಅದು 900 ಬರಬೇಕಾದರೆ ಬಡಗಿಗೆ ಹೇಳಬೇಕಾದದ್ದು ಮೂರೂವರೆ ಅಡಿ ಬಾಗಿಲು. ತಲೆಬಾಗಿಲಿಗೆ ಮಾತ್ರ ಸಲ್ಲುತ್ತಿದ್ದ ಅಳತೆಯನ್ನು ಮಲಗುವ ಕೋಣೆಗೂ ಬಚ್ಚಲಿಗೂ ತರುವುದು ಕಟ್ಟುವ ಹಂತದಲ್ಲಿ ದೊಡ್ಡ ಖರ್ಚಲ್ಲ. ಆರಿಂಚು ಕದ ಹೆಚ್ಚಾದಲ್ಲಿ ಆರಿಂಚು ಗೋಡೆ ಕಡಿಮೆಯಾಗುತ್ತದೆ.

ಹಳೆಯ ಮನೆಗಳ ಜೋಡಿಕದದ ಬಾಗಿಲು ನೋಡಲು ಅಗಲವಾಗಿ ಕಂಡರೂ ಒಂದೊಂದು ಕದ ಒಂದೂವರೆ ಅಡಿಯಷ್ಟೇ ಇರುತ್ತದೆ. ಒಂದನ್ನು ಮೇಲೆ ಕೆಳಗೆ ಅಗುಳಿ ಹಾಕಿ ಬಿಗಿದು ಇನ್ನೊಂದರಲ್ಲೇ ಓಡಾಡುವುದು ವಾಡಿಕೆ. ಗಾಲಿಕುರ್ಚಿಯವರು ಬಂದಾಗ ಎರಡನ್ನೂ ತೆರೆಯಲು ಇನ್ನೊಬ್ಬರು ಬೇಕು. ಕಚೇರಿ, ಸಭಾಂಗಣಗಳಲ್ಲಿ ಎರಡು ಕದ ಇಡಲೇಬೇಕಾದರೆ ದಿನಬಳಕೆಯ ಕದ ಒಂದೇ 900 ಮಿ.ಮೀ. ದಾರಿ ಕೊಡುವಂತಿರಬೇಕು. ಇನ್ನೊಂದು ಚಿಕ್ಕದಾದರೂ ನಡೆಯುತ್ತದೆ.

ಅಗಲ ಸರಿಯಾಯಿತು ಎಂದಮಾತ್ರಕ್ಕೆ ಬಾಗಿಲು ಸರಿಯಾಗುವುದಿಲ್ಲ. ಅದರ ಎರಡೂ ಬದಿಯ ನೆಲವೂ ಬಾಗಿಲಿನದೇ ಭಾಗ. ನಡೆಯುವವರು ತಮ್ಮ ಕಡೆಗೆ ತೆರೆದುಕೊಳ್ಳುವ ಕದವನ್ನು ಎಳೆಯುವಾಗ ಗೊತ್ತಿಲ್ಲದೆಯೇ ಒಂದು ಹೆಜ್ಜೆ ಹಿಂದಕ್ಕೆ, ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ. ಗಾಲಿಕುರ್ಚಿ ಪಕ್ಕಕ್ಕೆ ಸರಿಯಲಾರದು. ಕುಳಿತವರ ಪಾದಗಳು ಮೊಣಕಾಲಿಗಿಂತ ಮುಂದಕ್ಕೆ, ಫುಟ್‌ರೆಸ್ಟ್‌ನ ಮೇಲೆ ಚಾಚಿರುತ್ತವೆ. ನೇರವಾಗಿ ಬಾಗಿಲೆದುರು ನಿಂತರೆ ಹಿಡಿ ಕೈಗೆಟುಕುವ ಮೊದಲೇ ಪಾದ ಕದಕ್ಕೆ ತಾಗುತ್ತದೆ. ಹೇಗೋ ಮುಂದಕ್ಕೆ ಬಾಗಿ ಎಳೆದರೂ ಕದ ಬಂದು ಫುಟ್‌ರೆಸ್ಟ್‌ಗೆ ಬಡಿದು ನಿಲ್ಲುತ್ತದೆ. ಇದಕ್ಕಿರುವ ಉಪಾಯ ಒಂದೇ: ಕುರ್ಚಿಯನ್ನು ಹಿಡಿಯ ಪಕ್ಕದ ಗೋಡೆಯ ಕಡೆಗೆ ಓರೆಯಾಗಿ ನಿಲ್ಲಿಸಿ, ಕದವನ್ನು ಪಾದದ ಮುಂದಿನಿಂದ ಹಾಯಿಸಿ ತೆರೆಯುವುದು. ಅದಕ್ಕಾಗಿ ಹಿಡಿ ಇರುವ ಬದಿಯಲ್ಲಿ, ಚೌಕಟ್ಟಿನ ಆಚೆಗೆ, 450ರಿಂದ 600 ಮಿ.ಮೀ.ನಷ್ಟು ಖಾಲಿ ಜಾಗ ಬೇಕು. ಕದವನ್ನು ತಳ್ಳುವ ಬದಿಯಲ್ಲಿ 300 ಮಿ.ಮೀ. ಸಾಕಾಗುತ್ತದೆ. ಬಾಗಿಲಿನ ಮುಂದೆ ಎಳೆಯುವ ಬದಿಯಲ್ಲಿ ಒಂದೂವರೆ ಮೀಟರ್ ಆಳದ ಸಮತಟ್ಟು ನೆಲ ಇರಬೇಕು. ಗಾಲಿಕುರ್ಚಿ ತನ್ನ ಸುತ್ತ ತಾನು ತಿರುಗಲು ಬೇಕಾದ ವೃತ್ತವೂ ಹೆಚ್ಚುಕಡಿಮೆ ಅಷ್ಟೇ, 1500 ಮಿ.ಮೀ.

ನಕಾಶೆಯಲ್ಲಿ ಈ ಜಾಗ ಇದ್ದರೂ ಬಳಕೆಯಲ್ಲಿ ಉಳಿಯುವುದು ಅಪರೂಪ. ಮನೆಗಳಲ್ಲಿ ಚಪ್ಪಲಿ ಸ್ಟ್ಯಾಂಡ್ ಬಂದು ಕೂರುವುದು ಸರಿಯಾಗಿ ಅದೇ ಮೂಲೆಗೆ. ಕಚೇರಿಗಳಲ್ಲಿ ಅಲ್ಲಿಗೆ ಹೂಕುಂಡ, ಕಸದ ಬುಟ್ಟಿ, ಬೆಂಕಿ ನಂದಿಸುವ ಸಿಲಿಂಡರ್ ಬರುತ್ತವೆ. ಬಾಗಿಲಿನ ಮುಂದೆ ಬಿಡಿಯಾಗಿ ಹಾಸಿದ ದಪ್ಪ ನಾರಿನ ಕಾಲೊರೆಸು ಇನ್ನೊಂದು ತೊಡಕು. ಕುರ್ಚಿಯ ಮುಂದಿನ ಚಿಕ್ಕ ಗಾಲಿ ಅದರ ಅಂಚಿಗೆ ಸಿಕ್ಕಿದರೆ ಕಾಲೊರೆಸು ಮುದುಡಿ ಗಾಲಿ ಅಡ್ಡ ತಿರುಗುತ್ತದೆ. ನೆಲವನ್ನು ತುಸು ತಗ್ಗಿಸಿ, ಕಾಲೊರೆಸನ್ನು ಆ ತಗ್ಗಿನಲ್ಲಿ ನೆಲಮಟ್ಟಕ್ಕೆ ಕೂರಿಸಿದರೆ ಈ ತೊಂದರೆಯಿಲ್ಲ.

ಇಳಿಜಾರು ದಾರಿಯೊಂದು ನೇರವಾಗಿ ಬಾಗಿಲಿಗೇ ಬಂದು ಮುಗಿಯುವುದನ್ನು ಬ್ಯಾಂಕು, ಅಂಚೆ ಕಚೇರಿ, ಮದುವೆ ಛತ್ರಗಳಲ್ಲಿ ಧಾರಾಳವಾಗಿ ಕಾಣಬಹುದು. ರ‍್ಯಾಂಪ್ ಹಾಕಿಸಿದವರ ಉದ್ದೇಶ ಒಳ್ಳೆಯದೇ. ಆದರೆ ಅಂಥ ಕಡೆ ಕುರ್ಚಿ ಹಿಂದಕ್ಕೆ ಜಾರದಂತೆ ಎರಡು ಕೈಗಳಿಂದಲೂ ಚಕ್ರ ಹಿಡಿದಿರಬೇಕು, ಬಾಗಿಲು ತೆರೆಯಲು ಮೂರನೆಯ ಕೈ ಇಲ್ಲ. ಇಳಿಜಾರು ಮುಗಿದ ಮೇಲೆ, ಬಾಗಿಲಿಗೆ ಮುನ್ನ, ಒಂದೂವರೆ ಮೀಟರ್ ಚೌಕದ ಸಮತಟ್ಟು ಜಗಲಿ ಇರಲೇಬೇಕು. ಕದ ಹೊರಗೆ ತೆರೆಯುವುದಾದರೆ ಅದು ಬೀಸುವ ಜಾಗವನ್ನು ಬಿಟ್ಟು ಈ ಅಳತೆ.

ಇನ್ನು ಹೊಸ್ತಿಲು. ಕನ್ನಡದ ಮನೆಗಳಲ್ಲಿ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ರಂಗೋಲಿ ಎಳೆಯುತ್ತಾರೆ, ಅದನ್ನು ತುಳಿಯದೆ ದಾಟುತ್ತಾರೆ. ಎರಡು ಇಂಚಿನಿಂದ ನಾಲ್ಕು ಇಂಚಿನವರೆಗಿನ ಎತ್ತರ ಅದಕ್ಕೆ ಸಾಮಾನ್ಯ. ಹುಳುಹುಪ್ಪಟೆ, ಮಳೆನೀರು, ಧೂಳು ಒಳಬರದಂತೆ ತಡೆಯುವ ಕೆಲಸವನ್ನೂ ಅದು ಮಾಡುತ್ತಿತ್ತು. ಗಾಲಿಕುರ್ಚಿಗೆ ಮಾತ್ರ ಅದು ಗೋಡೆಯೇ ಸರಿ. ಕಾರಣ ಹಿಂದಿನ ದೊಡ್ಡ ಚಕ್ರದಲ್ಲಿಲ್ಲ, ಮುಂದಿನ ಚಿಕ್ಕ ಗಾಲಿಯಲ್ಲಿದೆ.

ಚಕ್ರವೊಂದು ಮೆಟ್ಟಿಲಿಗೆ ತಾಗಿ ನಿಂತಾಗ ಅದನ್ನು ಮೇಲೇರಿಸಲು ಎಷ್ಟು ಬಲ ಬೇಕೆಂಬುದು ಮೆಟ್ಟಿಲಿನ ಎತ್ತರಕ್ಕೂ ಚಕ್ರದ ತ್ರಿಜ್ಯಕ್ಕೂ ಇರುವ ಅನುಪಾತದ ಮೇಲೆ ನಿಂತಿದೆ. ಮುಂದಿನ ಗಾಲಿಯ ವ್ಯಾಸ 125 ಮಿ.ಮೀ. ಎಂದು ಹಿಡಿಯೋಣ. ನಿಂತಲ್ಲಿಂದ ನಿಧಾನವಾಗಿ ತಳ್ಳಿ 12 ಮಿ.ಮೀ. ಏರಲು ಆ ಗಾಲಿಯ ಮೇಲಿರುವ ಭಾರದ ಸುಮಾರು ಮುಕ್ಕಾಲು ಪಾಲಿನಷ್ಟು ಬಲ ಬೇಕು. ಎತ್ತರ 25 ಮಿ.ಮೀ. ಆದರೆ ಭಾರದ ಒಂದೂಕಾಲು ಪಟ್ಟಿಗಿಂತ ಹೆಚ್ಚು ಬೇಕು. 50 ಮಿ.ಮೀ. ಆದಾಗ ಅದು ಸುಮಾರು ಐದು ಪಟ್ಟಿಗೆ ಜಿಗಿಯುತ್ತದೆ. ಎತ್ತರ ಗಾಲಿಯ ತ್ರಿಜ್ಯವನ್ನು ಮುಟ್ಟಿತೆಂದರೆ ಎಷ್ಟು ತಳ್ಳಿದರೂ ಅದು ಏರುವುದೇ ಇಲ್ಲ. 600 ಮಿ.ಮೀ. ವ್ಯಾಸದ ಹಿಂದಿನ ಚಕ್ರಕ್ಕಾದರೋ 25 ಮಿ.ಮೀ. ಏರಲು ಅದರ ಮೇಲಿನ ಭಾರದ ಅರ್ಧಕ್ಕಿಂತ ಕಡಿಮೆ ಬಲ ಸಾಕು. ನುರಿತವರು ಮುಂದಿನ ಗಾಲಿಗಳನ್ನು ಗಾಳಿಯಲ್ಲಿ ಎತ್ತಿ ಹಿಂದಿನ ಚಕ್ರಗಳ ಮೇಲೆ ಹೊಸ್ತಿಲು ದಾಟುವುದು, ಸಹಾಯಕರು ಕುರ್ಚಿಯನ್ನು ಹಿಂದುಮುಂದು ಮಾಡಿ ಎಳೆದುಕೊಳ್ಳುವುದು ಇದೇ ಕಾರಣಕ್ಕೆ. ಎರಡರಲ್ಲೂ ಮಗುಚುವ ಅಪಾಯವಿದೆ. ಕಾಣದ ಚಿಕ್ಕ ಹೊಸ್ತಿಲು ಇನ್ನೂ ಕೆಟ್ಟದ್ದು: ವೇಗದಲ್ಲಿ ಬಂದ ಕುರ್ಚಿಯ ಮುಂಗಾಲಿ ತಟ್ಟನೆ ನಿಂತರೆ ಕುಳಿತವರು ಮುಂದಕ್ಕೆ ಎಸೆಯಲ್ಪಡುತ್ತಾರೆ.

ಹೊಸ್ತಿಲು ಇರಲೇಬಾರದು ಎಂಬುದು ಮೊದಲ ಆಯ್ಕೆ. ಇದ್ದರೆ 12 ಮಿ.ಮೀ. ಮೀರದೆ, ಅಂಚನ್ನು ಓರೆಯಾಗಿ ಕೆತ್ತಿರಬೇಕು. ಪೂಜೆಯ ಹೊಸ್ತಿಲನ್ನು ಬಿಡಲೊಲ್ಲದ ಮನೆಯವರು ಆ ಮರವನ್ನೇ ನೆಲದಲ್ಲಿ ಹೂತು, ಅದರ ಮೇಲ್ಮೈ ಮಾತ್ರ ತುಸು ಕಾಣುವಂತೆ ಕೂರಿಸಬಹುದು. ಹೊಸ್ತಿಲೂ ಉಳಿಯುತ್ತದೆ, ರಂಗೋಲಿಗೂ ಜಾಗವಿರುತ್ತದೆ. ಈಗಾಗಲೇ ಎತ್ತರದ ಹೊಸ್ತಿಲಿರುವ ಕಡೆ ಎರಡೂ ಬದಿಗೆ ಮರದ ಅಥವಾ ರಬ್ಬರಿನ ಚಿಕ್ಕ ಇಳಿಜಾರು ಇಡುವುದುಂಟು. ಹನ್ನೆರಡಕ್ಕೆ ಒಂದರ ಇಳಿಜಾರಿನಲ್ಲಿ ಮೂರು ಇಂಚಿನ ಹೊಸ್ತಿಲಿಗೆ ಒಂದೊಂದು ಬದಿಗೂ ಮೂರಡಿ ಉದ್ದ ಬೇಕಾಗುತ್ತದೆ. ನಡುಮನೆಯಲ್ಲಿ ಅಷ್ಟು ಜಾಗ ಬಿಟ್ಟುಕೊಡುವುದು ಕಷ್ಟ. ಹೀಗಾಗಿ ಹೊಸ್ತಿಲನ್ನೇ ತಗ್ಗಿಸುವುದು ಬಹುತೇಕ ಮನೆಗಳಿಗೆ ಸುಲಭದ ದಾರಿ.

ಬಚ್ಚಲಿನ ಹೊಸ್ತಿಲಿಗೆ ಬೇರೆ ಕೆಲಸವಿದೆ: ನೀರು ಕೋಣೆಗೆ ಹರಿಯದಂತೆ ತಡೆಯುವುದು. ಅದನ್ನು ತೆಗೆದರೆ ನೀರಿಗೆ ಇನ್ನೊಂದು ದಾರಿ ತೋರಿಸಬೇಕು. ಬಚ್ಚಲ ನೆಲವನ್ನು ಬಾಗಿಲಿನಿಂದ ದೂರಕ್ಕೆ ಇಳಿಜಾರು ಮಾಡಿ, ಬಾಗಿಲಿನ ಉದ್ದಕ್ಕೂ ಕಿರಿದಾದ ಕಾಲುವೆ ತೆಗೆದು ಮೇಲೆ ಜಾಲರಿ ಮುಚ್ಚುವುದು ಪ್ರಚಲಿತ ವಿಧಾನ. ಜಾಲರಿಯ ಸಂದುಗಳು 12 ಮಿ.ಮೀ.ಗಿಂತ ಅಗಲವಿರಬಾರದು, ಮತ್ತು ಕುರ್ಚಿ ಸಾಗುವ ದಿಕ್ಕಿಗೆ ಅಡ್ಡವಾಗಿರಬೇಕು. ಉದ್ದಕ್ಕಿದ್ದರೆ ಗಾಲಿ ಅದರೊಳಗೆ ಕಚ್ಚಿಕೊಳ್ಳುತ್ತದೆ.

ಕದ ತೆರೆಯಲು ಬೇಕಾದ ಬಲದ ವಿಚಾರಕ್ಕೆ ಬಂದರೆ, ನಿಂತವರಿಗೆ ಇದು ಹೊಳೆಯುವುದೇ ಇಲ್ಲ. ನಿಂತವರು ಕದ ತಳ್ಳುವಾಗ ಇಡೀ ಮೈಭಾರವನ್ನು ಅದರ ಮೇಲೆ ಒರಗಿಸಬಲ್ಲರು, ಪಾದಗಳು ನೆಲವನ್ನು ಹಿಡಿದಿರುತ್ತವೆ. ಗಾಲಿಗಳ ಮೇಲೆ ಕುಳಿತವರು ಕದವನ್ನು ಎಷ್ಟು ಬಲದಿಂದ ತಳ್ಳುತ್ತಾರೋ ಅಷ್ಟೇ ಬಲದಿಂದ ಕದ ಅವರನ್ನು ಹಿಂದಕ್ಕೆ ತಳ್ಳುತ್ತದೆ. ಕುರ್ಚಿ ಹಿಂದೆ ಉರುಳುತ್ತದೆ. ಒಂದು ಕೈಯಲ್ಲಿ ಚಕ್ರ ಹಿಡಿದು ಇನ್ನೊಂದರಲ್ಲಿ ತಳ್ಳಿದರೆ ಕುರ್ಚಿ ಆ ಹಿಡಿದ ಚಕ್ರದ ಸುತ್ತ ತಿರುಗಿ ಓರೆಯಾಗುತ್ತದೆ. ಬ್ರೇಕು ಹಾಕಿ ತಳ್ಳಿದರೆ ಕದ ತೆರೆಯುತ್ತದೆ, ಕುರ್ಚಿ ಮುಂದೆ ಹೋಗುವುದಿಲ್ಲ. ಬ್ರೇಕು ಬಿಡುವಷ್ಟರಲ್ಲಿ ಕದ ಮರಳಿ ಬಂದು ಮುಚ್ಚಿಕೊಳ್ಳುತ್ತದೆ. ಹೀಗಾಗಿ ಅನೇಕರು ಫುಟ್‌ರೆಸ್ಟ್‌ನಿಂದಲೇ ಕದವನ್ನು ಒತ್ತಿ ತೆರೆಯುತ್ತಾರೆ. ಕದದ ಕೆಳಭಾಗಕ್ಕೆ ನೆಲದಿಂದ 300 ಮಿ.ಮೀ.ವರೆಗೆ ಲೋಹದ ಅಥವಾ ಗಟ್ಟಿ ಪ್ಲಾಸ್ಟಿಕ್‌ನ ತಗಡು ಹೊಡೆಯಬೇಕೆನ್ನುವುದು ಈ ಕಾರಣಕ್ಕೆ. ಆ ಭಾಗದಲ್ಲಿ ಅಲಂಕಾರದ ಪಟ್ಟಿ, ಕೆತ್ತನೆ, ನೆಲಕ್ಕಿಳಿಯುವ ಅಗುಳಿ ಯಾವುದೂ ಇರಬಾರದು. ಫುಟ್‌ರೆಸ್ಟ್ ಅದಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ.

ಒಳಬಾಗಿಲಿನ ಕದ ತೆರೆಯಲು 22 ನ್ಯೂಟನ್‌ಗಿಂತ ಹೆಚ್ಚು ಬಲ ಬೇಡಬಾರದು ಎನ್ನುತ್ತದೆ ಅಮೆರಿಕದ ಮಾನದಂಡ. ಇದನ್ನು ಅಳೆಯಲು ದುಬಾರಿ ಉಪಕರಣ ಬೇಡ. ಲಗೇಜು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಹಿಡಿಗೆ ಸಿಕ್ಕಿಸಿ ಮೆಲ್ಲಗೆ ಎಳೆದಾಗ ಕದ ಕದಲುವ ಹೊತ್ತಿಗೆ ಮುಳ್ಳು ಎರಡೂಕಾಲು ಕಿಲೋ ದಾಟಬಾರದು. ಗಾಜಿನ ಕದಗಳಿಗೆ, ಹವಾನಿಯಂತ್ರಿತ ಕೋಣೆಗಳ ಕದಗಳಿಗೆ ಇರುವ ಡೋರ್ ಕ್ಲೋಸರ್ ಬಿಗಿಯಾಗಿದ್ದರೆ ಅದು ಇದಕ್ಕಿಂತ ಬಹಳ ಮೇಲೆ ಹೋಗುತ್ತದೆ. ಕ್ಲೋಸರ್‌ನ ಎಣ್ಣೆ ತುಂಬಿದ ಕೊಳವೆಯ ತುದಿಯಲ್ಲಿ ಸಾಮಾನ್ಯವಾಗಿ ಎರಡು ಸ್ಕ್ರೂಗಳಿರುತ್ತವೆ. ಒಂದು ಕದ ಮುಚ್ಚುವ ವೇಗವನ್ನೂ ಇನ್ನೊಂದು ಕೊನೆಯಲ್ಲಿ ಚಿಲಕಕ್ಕೆ ಬೀಳುವ ವೇಗವನ್ನೂ ಹದಮಾಡುತ್ತವೆ. ಪೂರ್ತಿ ತೆರೆದ ಕದ ಮುಚ್ಚುವ ಹಂತಕ್ಕೆ ಬರಲು ಕನಿಷ್ಠ ಐದು ಸೆಕೆಂಡು ಹಿಡಿಯಬೇಕು. ಕಟ್ಟಡದ ಉಸ್ತುವಾರಿಯವರು ಸ್ಕ್ರೂಡ್ರೈವರ್ ಹಿಡಿದು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಇದು. ಕದಗಳ ಕೀಲಿಗೆ ಎಣ್ಣೆ ಬಿಡುವುದೂ ಅದರೊಂದಿಗೆ ಸೇರಲಿ.

ಹಿಡಿಯ ಆಯ್ಕೆಗೆ ಸುಲಭದ ಪರೀಕ್ಷೆಯೊಂದಿದೆ: ಮುಷ್ಟಿ ಬಿಗಿದ ಒಂದೇ ಕೈಯಿಂದ ತೆರೆಯಲು ಬರಬೇಕು. ದುಂಡು ಹಿಡಿ ಇದರಲ್ಲಿ ಸೋಲುತ್ತದೆ. ಅದನ್ನು ಬಿಗಿಯಾಗಿ ಹಿಡಿದು ಮಣಿಕಟ್ಟು ತಿರುಗಿಸಬೇಕು. ಸಂಧಿವಾತದವರಿಗೂ ಬೆರಳು ಮಡಚಲಾಗದವರಿಗೂ ಅದು ಸಾಧ್ಯವಿಲ್ಲ. ಒತ್ತಿದರೆ ಇಳಿಯುವ ಲಿವರ್ ಹ್ಯಾಂಡಲ್, ಎಳೆಯಲು ಅಗಲವಾದ ಇಂಗ್ಲಿಷ್ ‘ಡಿ’ ಆಕಾರದ ಹಿಡಿ ಗೆಲ್ಲುತ್ತವೆ. ಲಿವರ್‌ನ ತುದಿ ಕದದ ಕಡೆಗೆ ಬಾಗಿದ್ದರೆ ಸೀರೆ ಸೆರಗು, ಅಂಗಿಯ ತೋಳು ಸಿಕ್ಕುವುದಿಲ್ಲ. ಎತ್ತರ ನೆಲದಿಂದ 900ರಿಂದ 1000 ಮಿ.ಮೀ. ನಡುವೆ ಇದ್ದರೆ ಕುಳಿತವರಿಗೂ ನಿಂತವರಿಗೂ ಸಮ. ಕದದ ನೆತ್ತಿಯಲ್ಲಿರುವ ಟವರ್ ಬೋಲ್ಟ್, ಭಾರದ ಆಲ್ಡ್ರಾಪು ಕುಳಿತವರ ಕೈಗೆ ಎಟುಕುವ ಮಾತಿಲ್ಲ. ಮನೆಯೊಳಗೆ ಒಬ್ಬರೇ ಇರುವಾಗ ತಲೆಬಾಗಿಲಿಗೆ ಯಾರೋ ಬಂದರೆ ನೋಡುವ ಕಿಂಡಿಯೂ ಅಷ್ಟೇ; ಐದಡಿ ಎತ್ತರದ ಕಿಂಡಿಯ ಕೆಳಗೆ 1100 ಮಿ.ಮೀ. ಮಟ್ಟದಲ್ಲಿ ಇನ್ನೊಂದನ್ನು ಕೊರೆಯುವುದು ಹತ್ತು ನಿಮಿಷದ ಕೆಲಸ.

ಶೌಚಾಲಯದ ಬಾಗಿಲಿಗೆ ಇವೆಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಬೀಳುವುದು ಅಲ್ಲಿ. ಕುರ್ಚಿಯಿಂದ ಕಮೋಡಿಗೆ ದಾಟಿಕೊಳ್ಳುವಾಗ ಜಾರಿ ಬಿದ್ದವರ ಮೈ ಒಳಕ್ಕೆ ತೆರೆಯುವ ಕದಕ್ಕೆ ಅಡ್ಡಬಿದ್ದರೆ ಹೊರಗಿನವರು ಕದ ತಳ್ಳುವಂತಿಲ್ಲ. ತಳ್ಳಿದರೆ ಬಿದ್ದವರಿಗೇ ಪೆಟ್ಟು. ಆದ್ದರಿಂದ ಕದ ಹೊರಕ್ಕೆ ತೆರೆಯಬೇಕು ಅಥವಾ ಪಕ್ಕಕ್ಕೆ ಸರಿಯಬೇಕು. ಒಳಗಿನ ಚಿಲಕ ತುರ್ತಿನಲ್ಲಿ ಹೊರಗಿನಿಂದ ನಾಣ್ಯವೊಂದನ್ನು ತಿರುಗಿಸಿ ತೆಗೆಯುವಂಥದ್ದಾಗಿರಬೇಕು. ಭಾರತದ ಮಾರ್ಗಸೂಚಿ ಇಂಥ ಶೌಚಾಲಯಕ್ಕೆ 2000 × 2200 ಮಿ.ಮೀ. ಒಳ ಅಳತೆ ಕೇಳುತ್ತದೆ.

ಹೊರಕ್ಕೆ ತೆರೆಯುವ ಕದದಲ್ಲೂ ಒಂದು ಸಿಕ್ಕಿದೆ. ಗಾಲಿಕುರ್ಚಿ ಒಳಗೆ ಸೇರಿದ ಮೇಲೆ ಕದ ಹಿಂದೆ, ಹೊರಗೆ ಉಳಿಯುತ್ತದೆ. ಅದರ ಹಿಡಿ ಕೈಗೆ ಸಿಗದಷ್ಟು ದೂರದಲ್ಲಿರುತ್ತದೆ. ಕದದ ಒಳಮುಖದಲ್ಲಿ, ಕೀಲಿನ ಬದಿಗೆ ಹತ್ತಿರವಾಗಿ, ಅಡ್ಡಲಾಗಿ ಒಂದು ಉದ್ದನೆಯ ಸರಳು ಕೂರಿಸಿದರೆ ಕುಳಿತವರು ಅದನ್ನು ಹಿಡಿದು ಒಳಗೆ ಸರಿಯುತ್ತಿದ್ದಂತೆಯೇ ಕದವೂ ಜೊತೆಗೆ ಬಂದು ಮುಚ್ಚಿಕೊಳ್ಳುತ್ತದೆ. ಈ ಸರಳು ಇಲ್ಲದೆ ಬಾಗಿಲು ಅರ್ಧ ತೆರೆದಿಟ್ಟುಕೊಂಡೇ ಸಾರ್ವಜನಿಕ ಶೌಚಾಲಯ ಬಳಸಬೇಕಾದ ಹೆಂಗಸರ ಪಾಡು ಯಾರಿಗೂ ಬರಬಾರದು. ಬೆಲೆಯಲ್ಲಿ ನೋಡಿದರೆ ಇಡೀ ಶೌಚಾಲಯದಲ್ಲಿ ಅತಿ ಅಗ್ಗದ ವಸ್ತು ಅದೇ.

ಜಾಗ ಕಡಿಮೆ ಇರುವಲ್ಲಿ ಪಕ್ಕಕ್ಕೆ ಸರಿಯುವ ಕದವೇ ಮೇಲು. ಅದು ಬೀಸುವುದಿಲ್ಲ, ಗಾಳಿಗೆ ಬಡಿಯುವುದಿಲ್ಲ, ಕುರ್ಚಿಯನ್ನು ಹಿಂದೆ ಸರಿಸಬೇಕಿಲ್ಲ. ಆದರೆ ಹಳಿ ಮೇಲಿರಬೇಕು. ನೆಲದಲ್ಲಿ ಹಳಿ ಕೊರೆದರೆ ಅದರಲ್ಲಿ ಗಾಲಿಯೂ ಕಸವೂ ಸಿಕ್ಕುತ್ತವೆ. ಕದದಲ್ಲಿ ಕೊರೆದ ತಗ್ಗನ್ನೇ ಹಿಡಿಯಾಗಿ ಬಿಡುವ ಪದ್ಧತಿ ಬೆರಳಿಗೆ ಬಲವಿಲ್ಲದವರಿಗೆ ಆಗಿಬರುವುದಿಲ್ಲ, ಅಲ್ಲೂ ಡಿ ಹಿಡಿಯೇ ಬೇಕು. ಕದ ಪೂರ್ತಿ ಸರಿದಾಗ ಆ ಹಿಡಿ ಗೋಡೆಗೆ ತಾಗಿ ನಿಲ್ಲುವುದರಿಂದ ಅಗಲದಲ್ಲಿ ಅಷ್ಟು ಕಡಿಮೆಯಾಗುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಸುತ್ತು ಬಾಗಿಲು ಗಾಲಿಕುರ್ಚಿಗೆ ಸಲ್ಲದು. ದೊಡ್ಡ ಹೋಟೆಲುಗಳಲ್ಲಿ ಅದರ ಪಕ್ಕದಲ್ಲಿ ಸಾದಾ ಬಾಗಿಲೊಂದು ಇರುತ್ತದೆ, ಆದರೆ ಅದಕ್ಕೆ ಬೀಗ ಹಾಕಿರಬಾರದು. ಟಿಕೆಟ್ ಗೇಟುಗಳದ್ದೂ ಇದೇ ಕಥೆ. ಬೆಂಗಳೂರಿನ ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ಸಾಲಿನ ಕೊನೆಗೆ ಅಗಲವಾದ ಗೇಟು ಇರುವುದು ಇದಕ್ಕಾಗಿ. ತಾನಾಗಿ ತೆರೆಯುವ ಬಾಗಿಲು ಎಲ್ಲಕ್ಕಿಂತ ಅನುಕೂಲ. ಅದರ ಸೆನ್ಸರ್ ನಿಂತವರ ತಲೆ ಎತ್ತರಕ್ಕಷ್ಟೇ ನೋಡುವಂತಿದ್ದರೆ ಕುಳಿತವರನ್ನು ಗಮನಿಸದೆ ನಡುವೆಯೇ ಮುಚ್ಚಿಕೊಳ್ಳಬಹುದು. ಹಾಗೆಯೇ ವಿದ್ಯುತ್ ಹೋದಾಗ ಅದು ತೆರೆದೇ ಉಳಿಯಬೇಕು ಅಥವಾ ಕೈಯಿಂದ ಹಗುರವಾಗಿ ಸರಿಯಬೇಕು. ಕರೆಂಟು ಹೋಗುವ ಊರುಗಳಲ್ಲಿ ಇದನ್ನು ಮರೆತು ಕೂರಿಸಿದ ಬಾಗಿಲು ಎಲ್ಲರನ್ನೂ ಒಳಗೇ ಕೂಡಿಹಾಕುತ್ತದೆ.

ಒಂದರ ಹಿಂದೆ ಒಂದು ಎರಡು ಬಾಗಿಲುಗಳಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಾಮೂಲು: ಹೊರಗೆ ಕಬ್ಬಿಣದ ಗ್ರಿಲ್ಲು ಅಥವಾ ಸೊಳ್ಳೆಪರದೆಯ ಕದ, ಒಳಗೆ ಮರದ ಕದ. ಒಂದನ್ನು ಎಳೆದು ಹಿಡಿದುಕೊಂಡೇ ಇನ್ನೊಂದನ್ನು ತಳ್ಳಬೇಕಾಗುತ್ತದೆ. ಕೈ ಎರಡೂ ಕದಗಳಿಗೆ ಹೋದರೆ ಚಕ್ರ ತಿರುಗಿಸುವವರಾರು? ಹೊರಗಿನ ಕದ ಪೂರ್ತಿ ಗೋಡೆಗೆ ಒರಗಿ ಅಲ್ಲೇ ನಿಲ್ಲುವಂತೆ ಕೊಕ್ಕೆಯೋ ಅಯಸ್ಕಾಂತವೋ ಇದ್ದರೆ ಈ ತೊಡಕು ಬಿಡುತ್ತದೆ. ಕಚೇರಿ, ಆಸ್ಪತ್ರೆಗಳಲ್ಲಿ ಎರಡು ಬಾಗಿಲುಗಳ ನಡುವೆ ಕದ ಬೀಸುವ ಜಾಗ ಬಿಟ್ಟು ಇನ್ನೂ 1220 ಮಿ.ಮೀ. ಇರಬೇಕು, ಅಂದರೆ ಕುರ್ಚಿ ಪೂರ್ತಿ ಒಳಗೆ ನಿಲ್ಲುವಷ್ಟು.

ಕದದಾಚೆ ಯಾರಿದ್ದಾರೆಂದು ಕಾಣುವಂತೆ ಕೂರಿಸುವ ಗಾಜಿನ ಪಟ್ಟಿ ಸಾಮಾನ್ಯವಾಗಿ ನಿಂತವರ ಮುಖದ ಮಟ್ಟಕ್ಕಿರುತ್ತದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಧಾವಿಸಿ ಬಂದವರು ಅದರಲ್ಲಿ ಇಣುಕಿ, ಆಚೆ ಯಾರೂ ಇಲ್ಲವೆಂದು ಕದ ತಳ್ಳಿದರೆ ಅದು ಕುಳಿತವರ ಮೊಣಕಾಲಿಗೋ ಮುಖಕ್ಕೋ ಬಡಿಯುತ್ತದೆ. ಗಾಜು ನೆಲದಿಂದ 500 ಮಿ.ಮೀ. ಎತ್ತರದಲ್ಲೇ ಶುರುವಾಗಿ 1500ರವರೆಗೆ ಏರಿದರೆ ಕುಳಿತವರೂ ಮಕ್ಕಳೂ ಕಾಣುತ್ತಾರೆ. ಪೂರ್ತಿ ಗಾಜಿನ ಕದಕ್ಕೆ ಎದ್ದುಕಾಣುವ ಬಣ್ಣದ ಪಟ್ಟಿಗಳನ್ನು ಎರಡು ಎತ್ತರದಲ್ಲಿ ಅಂಟಿಸಬೇಕು; ದೃಷ್ಟಿ ಮಂದವಾದವರಿಗೆ ಚೌಕಟ್ಟಿನ ಬಣ್ಣ ಗೋಡೆಯಿಂದ ಬೇರೆಯಾಗಿ ಕಾಣುವುದೂ ಅಷ್ಟೇ ಮುಖ್ಯ.

ಬೆಂಕಿ ತಡೆಯುವ ಕದಗಳ ವಿಷಯದಲ್ಲಿ ಎರಡು ಅಗತ್ಯಗಳು ಎದುರುಬದುರಾಗುತ್ತವೆ. ಹೊಗೆ ಹರಡದಂತೆ ಅವು ಭಾರವಾಗಿರಬೇಕು, ತಾವಾಗಿ ಬಿಗಿಯಾಗಿ ಮುಚ್ಚಬೇಕು. ಅಷ್ಟೇ ಕಾರಣಕ್ಕೆ ಗಾಲಿಕುರ್ಚಿಯವರಿಗೆ ಅವು ದಿನನಿತ್ಯದ ತಡೆಯಾಗುತ್ತವೆ. ಇದಕ್ಕೆ ಸಿಕ್ಕಿರುವ ಪರಿಹಾರ ಚೆನ್ನಾಗಿದೆ: ವಿದ್ಯುತ್ಕಾಂತವೊಂದು ಕದವನ್ನು ಸದಾ ತೆರೆದು ಹಿಡಿದಿರುತ್ತದೆ, ಬೆಂಕಿಯ ಗಂಟೆ ಬಾರಿಸಿದೊಡನೆ ಹಿಡಿತ ಬಿಟ್ಟು ಕದ ಮುಚ್ಚುತ್ತದೆ. ಬೆಂಕಿಯ ಹೊತ್ತಿನಲ್ಲಿ ಲಿಫ್ಟು ಬಳಸುವಂತಿಲ್ಲ. ಮೆಟ್ಟಿಲಿಳಿಯಲಾರದವರು ಕಾಯಲು ಮೆಟ್ಟಿಲ ಬಳಿ, ಅಂಥ ಕದದ ಹಿಂದೆ, ಹೊಗೆ ಬಾರದ ಆಶ್ರಯದ ಜಾಗ ಮೀಸಲಿಡಬೇಕು. ಆ ಕದವನ್ನು ಅವರು ಒಬ್ಬರೇ ತೆರೆಯಬಲ್ಲರೇ ಎಂಬುದು ಅಲ್ಲಿ ಜೀವದ ಪ್ರಶ್ನೆ.

ಈ ಅಳತೆಗಳು ಯಾರೋ ಊಹೆಯಿಂದ ಬರೆದವಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಟಿಮೊಥಿ ನ್ಯೂಜೆಂಟ್ ಅವರು ಗಾಲಿಕುರ್ಚಿ ಬಳಸುವ ವಿದ್ಯಾರ್ಥಿಗಳ ಜೊತೆ ಕೆಲಸ ಮಾಡುತ್ತ ನಡೆಸಿದ ಸಂಶೋಧನೆಯಿಂದ 1961ರಲ್ಲಿ ಆ ದೇಶದ ಮೊದಲ ಸುಗಮ್ಯತಾ ಮಾನದಂಡ ಹೊರಬಂತು. ಬ್ರಿಟನ್ನಿನಲ್ಲಿ ವಾಸ್ತುಶಿಲ್ಪಿ ಸೆಲ್ವಿನ್ ಗೋಲ್ಡ್‌ಸ್ಮಿತ್ 1963ರಲ್ಲಿ ಈ ವಿಷಯದ ಮೇಲೆ ಆಧಾರಗ್ರಂಥ ಪ್ರಕಟಿಸಿದರು. ಅವರಿಗೆ ಪೋಲಿಯೊ ಆಗಿತ್ತು. ಎಲ್ಲರಿಗೂ ಒಂದೇ ವಿನ್ಯಾಸ ಎಂಬ ತತ್ವಕ್ಕೆ ಹೆಸರು ಕೊಟ್ಟ ರಾನ್ ಮೇಸ್ ಅವರೂ ಪೋಲಿಯೊದಿಂದ ಗಾಲಿಕುರ್ಚಿ ಹಿಡಿದವರು. ಅವರ ವಿದ್ಯಾರ್ಥಿ ದಿನಗಳಲ್ಲಿ ಕುರ್ಚಿ ಶೌಚಾಲಯದ ಬಾಗಿಲಿನಲ್ಲಿ ಹಿಡಿಸುತ್ತಿರಲಿಲ್ಲ.

ಭಾರತದಲ್ಲಿ 2011ರ ಜನಗಣತಿಯ ಪ್ರಕಾರ 2.68 ಕೋಟಿ ವಿಕಲಚೇತನರಿದ್ದರು, ಅವರಲ್ಲಿ ಚಲನೆಯ ತೊಂದರೆಯವರು 54 ಲಕ್ಷ. ಕರ್ನಾಟಕದ ಒಟ್ಟು ಸಂಖ್ಯೆ 13 ಲಕ್ಷಕ್ಕೂ ಹೆಚ್ಚು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ ಸುಗಮ್ಯತೆಯ ನಿಯಮ ಪಾಲಿಸದ ಕಟ್ಟಡದ ನಕ್ಷೆಗೆ ಮಂಜೂರಾತಿ ಕೊಡುವಂತಿಲ್ಲ, ಪೂರ್ಣಗೊಂಡ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು 45ನೇ ಸೆಕ್ಷನ್ ಐದು ವರ್ಷ ಕೊಟ್ಟಿತ್ತು. ನಿಯಮಗಳು 2017ರ ಜೂನ್‌ನಲ್ಲಿ ಹೊರಬಂದುದರಿಂದ ಆ ಗಡುವು 2022ಕ್ಕೇ ಮುಗಿದಿದೆ. ರಾಜೀವ್ ರತೂರಿ ಅವರ ಅರ್ಜಿಯ ಮೇಲೆ 2024ರ ನವೆಂಬರ್ 8ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ಮಾರ್ಗಸೂಚಿಗಳು ಬರೀ ಸಲಹೆಯ ರೂಪದಲ್ಲಿದ್ದರೆ ಕಾಯ್ದೆಯ ಉದ್ದೇಶ ಈಡೇರದೆಂದು 15ನೇ ನಿಯಮದ ಒಂದು ಭಾಗವನ್ನು ಅಸಿಂಧುಗೊಳಿಸಿ, ಕಡ್ಡಾಯವಾಗಿ ಪಾಲಿಸಬೇಕಾದ ಕನಿಷ್ಠ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಹೇಳಿತು.

ಕಾಯ್ದೆಯ ಕೈ ಖಾಸಗಿ ಮನೆಯ ಬಚ್ಚಲಿಗೆ ಚಾಚುವುದಿಲ್ಲ. ಅಲ್ಲಿ ಮನೆಯವರೇ ದಾರಿ ಹುಡುಕಬೇಕು, ಮತ್ತು ಗೋಡೆ ಒಡೆಯುವುದಕ್ಕೆ ಮುಂಚೆ ಮಾಡಿನೋಡುವ ಕೆಲಸಗಳು ಹಲವಿವೆ. ಕದವನ್ನೇ ಕಳಚಿ ದಪ್ಪ ಪರದೆ ಹಾಕಿದರೆ ಕದದ ದಪ್ಪದಷ್ಟು ಅಗಲ ಆ ಕ್ಷಣಕ್ಕೇ ಸಿಗುತ್ತದೆ. ಮರ್ಯಾದೆಯ ದೃಷ್ಟಿಯಿಂದ ಇದು ತಾತ್ಕಾಲಿಕ ಏರ್ಪಾಡಾಗಿಯೇ ಇರಲಿ. ತೆರೆದ ಕದ ಚೌಕಟ್ಟಿನ ಆಚೆಗೆ ಪೂರ್ತಿ ಸರಿದು ನಿಲ್ಲುವಂತೆ ಮಾಡುವ ಹೊರಬಾಗಿದ ಕೀಲುಗಳೂ ಅಷ್ಟೇ ಅಗಲ ಉಳಿಸುತ್ತವೆ, ಕದವೂ ಇರುತ್ತದೆ. ಒಳಕ್ಕೆ ತೆರೆಯುವ ಕದವನ್ನು ಹೊರಕ್ಕೆ ತಿರುಗಿಸಿ ಕೂರಿಸಲು ಬಡಗಿಗೆ ಅರ್ಧ ದಿನ ಸಾಕು. ಚೌಕಟ್ಟನ್ನೇ ಕಿತ್ತು, ಗೋಡೆಯ ಹೊರಮುಖಕ್ಕೆ ಸರಿಯುವ ಕದ ತೂಗಿಸಿದರೆ ಎರಡೂವರೆ ಅಡಿಯ ಕಿಂಡಿಯಲ್ಲಿ ಹೆಚ್ಚುಕಡಿಮೆ 750 ಮಿ.ಮೀ. ದಾರಿ ಸಿಗುತ್ತದೆ. 650 ಮಿ.ಮೀ. ಕುರ್ಚಿಗೆ ಅದು ಬಿಗಿಯಾದರೂ ಸಾಗುತ್ತದೆ. ಅದೂ ಸಾಲದಿದ್ದರೆ ಮಾತ್ರ ಗೋಡೆಗೆ ಕೈಹಾಕಬೇಕು. ನಾಲ್ಕೂವರೆ ಇಂಚಿನ ತಡೆಗೋಡೆಯಾದರೆ ಕೆಲಸ ಸಲೀಸು; ಆದರೂ ಮೇಲಿನ ಲಿಂಟಲ್ ಹೊಸ ಅಗಲಕ್ಕೆ ಸಾಲುತ್ತದೆಯೇ, ಪಕ್ಕದಲ್ಲಿ ಕಾಂಕ್ರೀಟ್ ಕಂಬವಿದೆಯೇ ಎಂದು ಎಂಜಿನಿಯರ್ ಒಬ್ಬರು ನೋಡಿದ ಮೇಲೆಯೇ ಸುತ್ತಿಗೆ ಎತ್ತಬೇಕು.

ಏನೇ ಮಾಡಿದರೂ ಬಡಗಿ ಕೆಲಸಕ್ಕೆ ಕೂರುವ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೊಸ ಬಾಗಿಲಿನ ಅಗಲವನ್ನೂ ಕದ ಬೀಸುವ ಕಮಾನನ್ನೂ ಬರೆದು, ಅದನ್ನು ಬಳಸಲಿರುವವರು ತಮ್ಮದೇ ಕುರ್ಚಿಯಲ್ಲಿ ಒಳಗೆ ಹೋಗಿ, ತಿರುಗಿ, ಹೊರಗೆ ಬಂದು ನೋಡಬೇಕು. ಪಾರ್ಶ್ವವಾಯುವಿನಿಂದ ಎಡಗೈ ಸೋತವರಿಗೆ ಹಿಡಿ ಬಲಗಡೆ ಬರುವಂತೆ ಕೀಲನ್ನು ಎಡಕ್ಕೆ ಹಾಕಬೇಕಾಗಬಹುದು. ಬ್ಯಾಟರಿ ಕುರ್ಚಿಗೆ ತಿರುಗುವ ಜಾಗ ಇನ್ನಷ್ಟು ಬೇಕಾಗಬಹುದು. ಹಿಡಿಯನ್ನು ಯಾವ ಎತ್ತರದಲ್ಲಿ ಕೂರಿಸಬೇಕೆಂಬುದನ್ನೂ ಅವರ ಕೈ ಎಟುಕುವ ಮಟ್ಟದಲ್ಲೇ ಪೆನ್ಸಿಲ್ಲಿನಿಂದ ಗುರುತು ಮಾಡಿಕೊಂಡು, ಆಮೇಲೆ ಕದಕ್ಕೆ ತೂತು ಕೊರೆಯಬೇಕು.